ಅಂಟಿನ ತಪ್ಪು ನನ್ನದಲ್ಲ

ನಾನು ಸುಳ್ಳುಗಾರ. ಸಣ್ಣಪುಟ್ಟ ಸುಳ್ಳುಗಾರನಲ್ಲ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಈ ನಾಲ್ಕೂ ತಾಲೂಕಿನ ಸುಳ್ಳುಗಾರರನ್ನು ತಕ್ಕಡಿಯ ಒಂದು ತಟ್ಟೆಯಲ್ಲಿ ಕೂರಿಸಿ ಇನ್ನೊಂದರಲ್ಲಿ ನನ್ನೊಬ್ಬನನ್ನು ಕೂರಿಸಿದರೆ ಅವರೆಲ್ಲ ಎಗರಿ ಹೋಗಿ ಸಾಗವಾನಿ ಮರದ ತುದಿಗೆ ಸಿಕ್ಕಿಕೊಳ್ಳುತ್ತಾರೆ. ಹೆಸರು ದುಂಡೇಶ, ಹುಲಿಯ ಕಿವಿ ಹಿಡಿದು ಊರಿಗೆ ತಂದವನು ಎಂದು ಹೇಳಿಕೊಳ್ಳುವವನು. ಅಪ್ಪ ಬೈಲಹೊಂಗಲದ ಕಡೆಯಿಂದ ಪೇಪರ್ ಮಿಲ್ಲಿಗೆ ಬಿದಿರು ಇಳಿಸಲು ಬಂದವನು. ಒಂದೇ ಹೆಗಲ ಮೇಲೆ ಒಂದು ಲಾರಿ ಬಿದಿರು ಹೊರುತ್ತಿದ್ದ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಸಾಯುವಾಗ ಅವನ ಎಡ ಹೆಗಲು ಬಲಕ್ಕಿಂತ ಒಂದು ಗೇಣು ಕೆಳಗಿತ್ತು. ಅದು ಮಾತ್ರ ನಿಜ.

ನನ್ನದೊಂದು ಸುಳ್ಳು ಹದಿನಾಲ್ಕು ಜನರನ್ನು ಕೊಲ್ಲುವುದರಲ್ಲಿತ್ತು. ಅದನ್ನೇ ಹೇಳುತ್ತಿದ್ದೇನೆ. ಸಿಟ್ಟು ಇನ್ನೂ ಆರಿಲ್ಲ. ಅವರ ಮೇಲೂ, ನನ್ನ ಮೇಲೂ.

ನಾನು ಮೂರು ವರ್ಷ ಗೋದಾವರಿ ಕಡೆಯ ಕಲ್ಲಿದ್ದಲ ಗಣಿಯಲ್ಲಿ ದುಡಿದವನು. ಪಾತಾಳದ ಬಾಗಿಲು ಬಡಿದು, ಒಳಗಿನವರ ಜೊತೆ ಎಲೆ ಅಡಿಕೆ ಹಾಕಿಕೊಂಡು ಬಂದವನು. ಅಷ್ಟು ಆಳದಲ್ಲಿ ಕಲ್ಲು ಸುಮ್ಮನೆ ಕೂತಿರುವುದಿಲ್ಲ. ಅದರ ಮೈಯಲ್ಲಿ ಬಿಗಿ ಇರುತ್ತದೆ. ನಾವು ತೂತು ಕೊರೆದ ಕಡೆ ಅದು ಹೊರಗೆ ಬರಲು ನೋಡುತ್ತದೆ. ಸಿಡಿಯುವ ಮುಂಚೆ ಚಟಚಟ ಅನ್ನುತ್ತದೆ, ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ. ಆ ಸದ್ದು ಕೇಳಿ ನಾನು ಓಡಿದ್ದೆ. ನನ್ನ ಜೊತೆ ಉಣ್ಣುತ್ತಿದ್ದ ಇಬ್ಬರು ಓಡಲಿಲ್ಲ. ಈ ಸಂಗತಿಗೆ ನಾನು ಯಾವತ್ತೂ ಉಪ್ಪು ಖಾರ ಹಚ್ಚಿಲ್ಲ.

ಅಲ್ಲಿಂದ ಬಂದ ಮೇಲೆ ಸಿಕ್ಕಿದ್ದು ಇದೇ ಕೆಲಸ. ಜೋಯಿಡಾ ದಾಟಿ ಅಣಶಿ ದಾರಿಯಲ್ಲಿ ಒಂದು ಗುಡ್ಡ. ಅದರ ಹೊಟ್ಟೆಯೊಳಗೆ ನೀರು ಹರಿಸಲು ಸುರಂಗ ಕೊರೆಯುತ್ತಿದ್ದರು. ಯಾರ ಕೆಲಸ ಎಂದು ಕೇಳಬೇಡಿ. ಗುತ್ತಿಗೆಯ ಕೆಳಗೆ ಗುತ್ತಿಗೆ, ಅದರ ಕೆಳಗೆ ಇನ್ನೊಂದು. ತಳದಲ್ಲಿ ನಾವು. ನಮಗೆ ಕಾಣುತ್ತಿದ್ದ ಮುಖ ಒಂದೇ, ಸೈಟಿನ ಸೂಪರ್‌ವೈಸರ್ ಮಹಾಬಳೇಶ್ವರನದು.

ಸುರಂಗದ ಬಾಯಲ್ಲಿ ಒಂದು ನೀಲಿ ನೀರಿನ ಕ್ಯಾನು. ಅದಕ್ಕೆ ಸರಪಳಿ ಕಟ್ಟಿದ ಸ್ಟೀಲಿನ ಲೋಟ. ಎಲ್ಲರೂ ಆ ಲೋಟದಲ್ಲಿ ಕುಡಿಯುತ್ತಿದ್ದರು. ನಮ್ಮ ಓಣಿಯ ಹದಿನಾಲ್ಕು ಜನ ಬೊಗಸೆ ಒಡ್ಡಬೇಕು. ಅಡುಗೆಯವನು ಮೇಲಿನಿಂದ ಹೊಯ್ಯುತ್ತಾನೆ. ಯಾರೂ ಹೀಗೆ ಮಾಡಿ ಎಂದು ಬೋರ್ಡು ಬರೆದಿರಲಿಲ್ಲ. ಬಂದ ಮೊದಲನೆಯ ದಿನವೇ ಅಡುಗೆಯವನು ನಮ್ಮ ಊರು ಕೇಳಿದ, ಓಣಿ ಕೇಳಿದ, ಲೋಟ ನಮ್ಮ ಕೈಗೆ ಸಿಗದ ಹಾಗೆ ಎತ್ತಿಕೊಂಡ. ಸಿಡಿಮದ್ದು ಹಾರಿಸಿದ ಮೇಲೆ ಹೊಗೆ ಆರುವ ಮುಂಚೆ ಹಾರೆ ಹಿಡಿದು ಒಳಗೆ ಹೋಗುವುದರಲ್ಲಿ ನಾವು ಮೊದಲು. ನೀರಿಗೆ ಕೊನೆ.

ಆ ಗುಡ್ಡದ ಬಿಗಿ ಅಳೆಯಲು ಬಂದವರು ಮಧುಮತಿ ಮೇಡಂ. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಅವರೂ ಹತ್ತು ಕಲ್ಲಿದ್ದಲ ಗಣಿಗಳಲ್ಲಿ ಅಳೆದು ಬಂದವರು. ಅವರ ಪೆಟ್ಟಿಗೆಗಳ ಸಂದಿಯಲ್ಲಿ ಇನ್ನೂ ಕರಿ ಪುಡಿ ಇತ್ತು. ನಾನು ಗಣಿಯಲ್ಲಿ ಇದೇ ಕೆಲಸಕ್ಕೆ ಕೈ ಹಚ್ಚಿದ್ದೆ ಎಂದ ಕೂಡಲೇ ನನ್ನನ್ನು ಕರೆದುಕೊಂಡರು. ಲ್ಯಾಪ್‌ಟಾಪಿನಲ್ಲಿ ಇಡೀ ಗುಡ್ಡವನ್ನು ಕಲ್ಲಂಗಡಿಯಂತೆ ಹೋಳು ಮಾಡಿ ತೋರಿಸಿದರು. ಹಸಿರು ಇದ್ದಲ್ಲಿ ಭಯವಿಲ್ಲ. ಕೆಂಪು ಇದ್ದಲ್ಲಿ ಜೀವಕ್ಕೆ ಅಪಾಯ. ನಮ್ಮ ಸುರಂಗ ಪೂರ್ತಿ ಹಸಿರು.

"ಇದು ಬರೀ ಲೆಕ್ಕ, ದುಂಡೇಶ್," ಎಂದರು. "ಮೇಲಿನ ಗುಡ್ಡದ ಭಾರ ಹಿಡಿದು ಕಂಪ್ಯೂಟರ್ ಊಹೆ ಮಾಡಿದೆ. ಪಕ್ಕದಿಂದ ಎಷ್ಟು ಒತ್ತುತ್ತಿದೆ ಅನ್ನೋದನ್ನ ಅಳೆದೇ ನೋಡಬೇಕು."

"ಹಳಿಯಾಳ ಸಂತಿ ದಿನದ ಬಸ್ ಇದ್ದಂಗ ಅನ್ರಿ ಮೇಡಮ್ಮಾರ," ಎಂದೆ. "ಟಾಪ್ ಮ್ಯಾಲೆ ಎಷ್ಟ ಮಂದಿ ಕುಂತರೂ ಒಳಗಿನವರಿಗೆ ಗೊತ್ತಾಗೂದಿಲ್ಲ. ಬಾಜೂದಾವ್ರು ಒತ್ತಿದ್ರ ಪಕ್ಕಡಿ ಎಲವ ಮುರೀತಾವ."

ಅವರು ನಕ್ಕರು. ಆ ಮಾತನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ದೇವರಾಣೆ.

ಅಳೆಯುವ ಕೆಲಸ ಹೀಗೆ. ಸುರಂಗದ ಗೋಡೆಗೆ ಹದಿಮೂರು ಮೀಟರ್ ಆಳ, ಒಂದು ಗೇಣಿಗಿಂತ ಕೊಂಚ ಸಣ್ಣ ಅಗಲದ ತೂತು. ಅದರ ತುದಿಯಲ್ಲಿ ಎರಡು ಹೆಬ್ಬೆರಳು ಹೋಗುವಷ್ಟು ಸಣ್ಣ ತೂತು. ಆ ಸಣ್ಣ ತೂತಿನೊಳಗೆ ವೈರಿನ ಬಾಲವಿರುವ ಒಂದು ಕೊಳವೆಯನ್ನು ಅಂಟು ಹಚ್ಚಿ ಕೂರಿಸಬೇಕು. ಅಂಟು ಒಣಗಿದ ಮೇಲೆ ಅದರ ಸುತ್ತಲಿನ ಕಲ್ಲನ್ನು ದಿಂಡಾಗಿ ಕತ್ತರಿಸಿ ಹೊರಗೆ ತೆಗೆಯಬೇಕು. ಗುಡ್ಡದ ಹಿಡಿತದಿಂದ ಬಿಡಿಸಿಕೊಂಡ ದಿಂಡು ಮೈ ಸಡಿಲಿಸುತ್ತದೆ. ಎಷ್ಟು ಸಡಿಲಿಸಿತು ಎಂದು ಕೊಳವೆ ಅಂಕಿಯಲ್ಲಿ ಹೇಳುತ್ತದೆ. ಆದರೆ ತೂತಿನಲ್ಲಿ ಒಂದು ಹನಿ ನೀರು, ಒಂದು ಚಿಟಿಕೆ ಕೆಸರು ಇದ್ದರೂ ಅಂಟು ಹಿಡಿಯುವುದಿಲ್ಲ. ಅಂಕಿ ಸುಳ್ಳಾಗುತ್ತದೆ.

ಒರೆಸುವ ಕೆಲಸ ನನ್ನದು. ಮೊಳಕಾಲ ತನಕ ರಾಡಿ. ತುಂಡು ತುಂಡು ಸರಳು ಜೋಡಿಸಿ, ತುದಿಗೆ ಬಟ್ಟೆ ಸುತ್ತಿ, ಉಗುರುಬಣ್ಣದ ವಾಸನೆಯ ಅಸಿಟೋನಿನಲ್ಲಿ ಅದ್ದಿ, ಹದಿಮೂರು ಮೀಟರ್ ಒಳಗೆ ತಳ್ಳಬೇಕು. ತಿರುಗಿಸಬೇಕು. ಎಳೆಯಬೇಕು. ಸರಳು ಬಿಚ್ಚಬೇಕು. ಬಟ್ಟೆ ಕಪ್ಪಾಗಿದ್ದರೆ ಮತ್ತೆ ಮೊದಲಿನಿಂದ. ಬಟ್ಟೆ, ಇದೇ ಸೈಟಿನಲ್ಲಿ ರಾಡಿ ಹೊರುವ ನನ್ನ ಹೆಂಡತಿ ಮಾಲವ್ವನ ಮದುವೆಯ ಹಳೆಯ ಬಿಳಿ ಸೀರೆಯದು. ಕಣ್ಣು ಉರಿಯಿತು. ಬೆರಳ ಸಂದಿಯ ಚರ್ಮ ಸುಲಿಯಿತು. ಸಾವಿರ ಸಲ ಒರೆಸಿದೆ. ಡ್ರಿಲ್ಲಿಂಗ್ ಮಷಿನ್ನಿನ ಬಾಳೇಶ ಎಣಿಸುತ್ತಿದ್ದ, ನಲವತ್ತೊಂದು ಅಂದ. ಬಾಳೇಶ ಮಾಲವ್ವನ ತಮ್ಮ. ನಲವತ್ತೊಂದನೆಯ ಸಲ ಬಟ್ಟೆ ಮದುವೆಯ ದಿನದಷ್ಟು ಬೆಳ್ಳಗೆ ಹೊರಗೆ ಬಂತು.

ಮನೆಗೆ ಹೋದೆ. ಮನೆ ಎಂದರೆ ಕ್ಯಾಂಪಿನ ತಗಡಿನ ಶೆಡ್ಡು. ಮಾಲವ್ವ ಮೂಗು ಅರಳಿಸಿದಳು.

"ಯಾರಕೀದು ಉಗರಬಣ್ಣ?"

"ಕಲ್ಲಿಂದು."

"ಕಲ್ಲ ಉಗರಬಣ್ಣ ಹಚಗೊಂತದೇನ? ಭಾಳ ಚಂದ ಇರಬೇಕಲ ಕಲ್ಲು."

ಮೂರು ದಿನ ನನಗೆ ಮೇಲೋಗರ ಬಡಿಸಲಿಲ್ಲ.

ಅವತ್ತೇ ಸಂಜೆ ಚಹಾದ ಗಾಡಿಯ ಹತ್ತಿರ ಎಲ್ಲರೂ ಇದ್ದರು. ಮಧುಮತಿ ಮೇಡಂ, ಮಹಾಬಳೇಶ್ವರ, ಬಾಳೇಶ, ನಮ್ಮವರು. ಯಾರೋ ನನ್ನ ಕೆಂಪು ಕಣ್ಣು ನೋಡಿ ಏನಾಯಿತು ಎಂದರು. ಅಸಿಟೋನು ಎಂದಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿ ಹಾಗೆ ಮುಗಿಸುವ ಬಾಯಲ್ಲ.

"ನಿನ್ನೆ ಗೋವಾ ಗಡಿ ರಾಮನಗರದಾಗ ಒಂದ ಡ್ರಮ್ ಫೆನ್ನಿ ಕುಡದೇನಿ," ಎಂದೆ. "ಗೋವಾದಾವ್ರು ಸಾಕೋ ಯಪ್ಪಾ, ನಮಗೂ ಒಂದೀಟ ಬಿಡೋ ಅಂತ ಕಾಲ ಬಿದ್ರು. ಅದ ನಿಶಾದಾಗ ಇವತ್ತ ಕಣ್ಣ ಮುಚಗೊಂಡ ತೂತ ಒರಿಸೇನಿ. ನಿಮಗ ಕಣ್ಣ ತಗದರೂ ಬರೂದಿಲ್ಲ!"

ಎಲ್ಲರೂ ನಕ್ಕರು. ಮೇಡಮ್ಮನೂ ನಕ್ಕರು. ಮಹಾಬಳೇಶ್ವರ ಎಲ್ಲರಿಗಿಂತ ಜೋರಾಗಿ ನಕ್ಕ.

ಮರುದಿನ ದಿಂಡು ತೆಗೆದೆವು. ಮಷಿನ್ನು ತಿರುಗುತ್ತಿರುವಾಗಲೇ ಗೋಡೆಯೊಳಗಿನಿಂದ ಚಟಚಟ ಸದ್ದು. ನಾನು ಸುರಂಗದ ಬಾಯಿ ಕಡೆ ಎರಡು ಹೆಜ್ಜೆ ಹಾಕಿಬಿಟ್ಟಿದ್ದೆ. ಮೇಡಂ ಅಂಕಿ ಓದುತ್ತ ಓದುತ್ತ ಅವರ ಮುಖವೇ ಹಸಿರಿನಿಂದ ಕೆಂಪಿಗೆ ಹೋಯಿತು. ಮೇಲಿನ ಭಾರ ಒಂದು ಪಾಲಾದರೆ ಪಕ್ಕದ ಒತ್ತು ಎರಡೂವರೆ ಪಾಲು.

"ಇದು ನಿಜ ಆದರೆ ಸೋಮವಾರ ಸುರಂಗ ಅಗಲ ಮಾಡೋ ಕೆಲಸ ಶುರು ಮಾಡೋ ಹಾಗಿಲ್ಲ," ಎಂದರು. "ಸುರಂಗದ ಚಾವಣಿಗೆ ಮೊದಲು ಉದ್ದನೆಯ ಬೋಲ್ಟ್ ಹೊಡೀಬೇಕು. ಮೂರು ತಿಂಗಳಾದರೂ ಬೇಕು. ಇಲ್ಲದಿದ್ರೆ ಸಿಡಿಯುತ್ತೆ."

ಸೋಮವಾರ ಒಳಗೆ ಹೋಗಬೇಕಾದವರು ನಾವೇ ಹದಿನಾಲ್ಕು ಜನ.

ಶನಿವಾರ ಮಹಾಬಳೇಶ್ವರ ಆಫೀಸಿಗೆ ಕರೆದ. ಕೂರು ಎನ್ನಲಿಲ್ಲ. ಟೇಬಲ್ಲಿನ ಮೇಲೆ ಒಂದು ಕಾಗದ ತಳ್ಳಿದ.

"ಓದಲಿಕ್ಕೆ ಬರ್ತದಲ್ಲ? ಓದು."

ಓದಿದೆ. "ನಾನು ಕುಡಿದ ಅಮಲಿನಲ್ಲಿ ತೂತನ್ನು ಸರಿಯಾಗಿ ಒರೆಸಲಿಲ್ಲ. ಆದ್ದರಿಂದ ಅಂಟು ಹಿಡಿಯದೆ ಅಳತೆ ತಪ್ಪಾಗಿ ಬಂದಿದೆ. ಇದಕ್ಕೆ ನಾನೇ ಹೊಣೆ." ಕೆಳಗೆ ನನ್ನ ಹೆಸರು, ನನ್ನ ಊರು. ನಮ್ಮ ಜಾತಿಯನ್ನೂ ಬರೆದಿದ್ದ. ಅಂಟಿಗೂ ಜಾತಿಗೂ ಏನು ಸಂಬಂಧವೋ.

"ಸಾಹೇಬ್ರ, ನಾ ಕುಡದಿಲ್ಲ."

"ನೀನೇ ಹೇಳಿದ್ದಲ್ಲ ಮಾರಾಯ, ಇಪ್ಪತ್ತು ಜನರ ಎದುರಿಗೆ."

"ಅದು ಸುಳ್ಳರಿ."

"ಅದು ಸುಳ್ಳೋ, ಇದು ಸುಳ್ಳೋ?" ಪೆನ್ನಿನ ಮುಚ್ಚಳ ತೆಗೆದ. "ನಿಮ್ಮ ಜನ ಕುಡಿಯದೇ ಕೆಲಸಕ್ಕೆ ಬಂದಿದ್ದರು ಅಂದ್ರೆ ಮೇಲಿನವರು ನಂಬ್ತಾರಾ? ಕುಡಿದಿದ್ದ ಅಂದ್ರೆ ಯಾರೂ ಎರಡನೇ ಪ್ರಶ್ನೆ ಕೇಳೂದಿಲ್ಲ. ಅಳತೆ ಹೋಯ್ತು, ಕಂಪ್ಯೂಟರ್ ಲೆಕ್ಕ ಉಳೀತು, ಕೆಲಸ ನಡೀತು. ನಿನ್ನನ್ನು ಏನೂ ಮಾಡೂದಿಲ್ಲ. ಹೊರಗೆ ಪಂಪಿನ ಮನೆಯಲ್ಲಿ ಕೂರು. ಒಳಗೆ ಹೋಗೂದೇ ಬೇಡ."

"ಬಾಳೇಶ?"

"ಅವನು ಮಷಿನ್ನಿನವನು. ಅವನು ಹೋಗ್ಬೇಕಲ್ಲ."

ನಾನು ಪೆನ್ನು ತಗೊಳ್ಳಲೂ ಇಲ್ಲ, ಕಾಗದ ಹರಿಯಲೂ ಇಲ್ಲ. ಭಯದಿಂದಲ್ಲ ಎಂದು ಹೇಳಬಹುದಿತ್ತು. ಭಯದಿಂದಲೇ. ಸೋಮವಾರದ ತನಕ ಟೈಮು ಕೊಡಿ ಎಂದು ಹೊರಗೆ ಬಂದೆ.

ಮಧುಮತಿ ಮೇಡಂ ಜೀಪಿನ ಹತ್ತಿರ ಇದ್ದರು. ನನ್ನ ಮುಖ ನೋಡಲಿಲ್ಲ.

"ನಾನೂ ನನ್ನ ಕಿವಿಯಾರೆ ಕೇಳಿದೆನಲ್ಲ, ದುಂಡೇಶ್," ಎಂದರು. "ಅಂಟು ಹಿಡಿದಿದೆಯೋ ಇಲ್ಲವೋ ಅಂತ ದಿಂಡನ್ನ ಒತ್ತಿ ನೋಡಬಹುದಿತ್ತು. ಕೆಟ್ಟ ಕಲ್ಲು ಅಂತ ಸೂಪರ್‌ವೈಸರ್ ಕಡೆಯವರು ಶುಕ್ರವಾರವೇ ರಾಡಿ ಗುಡ್ಡೆಗೆ ಎಸೆದುಬಿಟ್ಟಿದ್ದಾರೆ. ನಾನು ರಿಪೋರ್ಟಿನಲ್ಲಿ ಅಳತೆ ನಂಬುವಂಥದ್ದಲ್ಲ ಅಂತ ಬರೆದಿದ್ದೇನೆ."

ನನ್ನ ಜೊತೆ ನಾಲ್ಕು ದಿನ ರಾಡಿಯಲ್ಲಿ ನಿಂತವರು. ನನ್ನ ಬಟ್ಟೆಯ ಬಿಳುಪು ಕಣ್ಣಾರೆ ಕಂಡವರು. ಕಣ್ಣಿಗಿಂತ ಚಹಾದ ಗಾಡಿಯ ಮಾತು ಹೆಚ್ಚಾಯಿತು. ಅದನ್ನು ಆಡಿದವನೂ ನಾನೇ.

ರವಿವಾರ ಮಧ್ಯಾಹ್ನ ಶೆಡ್ಡಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಮಾಲವ್ವನಿಗೆ ಎಲ್ಲ ಹೇಳಿದೆ. ಆಕೆ ಇಕ್ಕಳ ಹಿಡಿದು ಏನನ್ನೋ ಎಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ನೀ ಕುಡದು ಬಂದಿದ್ರ ನನಗ ವಾಸನಿ ಬರತಿದ್ದಿಲ್ಲೇನ? ಅವತ್ತ ಬಂದದ್ದು ಉಗರಬಣ್ಣದ ವಾಸನಿ. ಹೋಗಿ ಹೇಳ ಎಲ್ಲಾರ ಮುಂದ."

"ಏನಂತ ಹೇಳ್ಲಿ?"

"ನಾ ಸುಳ್ಳ ಬೊಗಳೇನಿ ಅಂತ ಹೇಳ. ಹುಲಿ ಹಿಡದಿಲ್ಲ, ಡ್ರಮ್ ಕುಡದಿಲ್ಲ, ಚಾ ಕುಡದ ಮಲಗೇನಿ ಅಂತ ಹೇಳ. ನಿನ್ನ ದಿಮಾಕ ದೊಡ್ಡದೋ, ನನ್ನ ತಮ್ಮನ ತಲಿ ದೊಡ್ಡದೋ?"

ಸುಲಭವಾಗಿ ಹೇಳಿಬಿಟ್ಟಳು. ಬೊಗಸೆಯಲ್ಲಿ ನೀರು ಕುಡಿದು ಬಂದವರು ಸಂಜೆ ನನ್ನ ಸುತ್ತ ಕೂರುತ್ತಿದ್ದರು. ನನ್ನ ಕಥೆಗಳಲ್ಲಿ ನಾವು ಸಾಹೇಬರ ಕಿವಿ ಹಿಂಡುತ್ತಿದ್ದೆವು, ಹುಲಿಗೆ ಲಗಾಮು ಹಾಕುತ್ತಿದ್ದೆವು. ಆ ಬಾಯಿ ಬಿಟ್ಟರೆ ನನಗೆ ಬೇರೆ ಆಸ್ತಿ ಇರಲಿಲ್ಲ.

"ಹಾಳಾದ್ದು!" ಎಂದು ಮಾಲವ್ವ ಇಕ್ಕಳ ಒಗೆದಳು. "ರಾಡಿ ಹೊರೂವಾಗ ಸಿಕ್ತು. ನಡಕ ತೂತ ಐತಿ, ಬಳ್ಳೊಳ್ಳಿ ಕುಟ್ಟಾಕ ಒರಳ ಆಗತೈತಿ ಅಂತ ತಂದೆ. ಇದರಾಗಿನ ಬಾಲಾ ಕಿತ್ತ ಬರವಲ್ದು. ಎರಡ ದಿನ ಆತು ಎಳ್ಯಾಕತ್ತು. ಯಾ ಅಂಟ ಹಚ್ಚೀರಿ ಇದಕ್ಕ?"

ನೋಡಿದೆ. ನನ್ನ ಕಲ್ಲು. ಒಂದೂವರೆ ಅಡಿ ದಿಂಡು. ನಡುವೆ ಕೊಳವೆ. ಮೊಳದುದ್ದ ವೈರು. ನಾನು ಎದ್ದವನು ಮಾಲವ್ವನನ್ನು ಎತ್ತಿ ಕುಣಿದೆ. ಆಕಾಶದ ತನಕ ಎತ್ತಿದೆ. ಆಕೆ ಕೇಳಿದರೆ, ನೆಲದಿಂದ ಕಾಲೇ ಬಿಡಲಿಲ್ಲ ಎನ್ನುತ್ತಾಳೆ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಹಾಜರಿ. ಹೆಲ್ಮೆಟ್ ಹಾಕಿಕೊಂಡು ಎಲ್ಲರೂ ಸುರಂಗದ ಬಾಯಲ್ಲಿ ನಿಂತಿದ್ದರು. ನಾನು ಚೀಲ ಹೊತ್ತು ಹೋದೆ. ಹದಿನೇಳು ಕಿಲೋ. ಮಹಾಬಳೇಶ್ವರ ಕಾಗದ ಹಿಡಿದುಕೊಂಡೇ ಇದ್ದ.

"ಸಹಿ ಹಾಕೂದಿಲ್ಲರಿ," ಎಂದೆ.

ಅವನು ಏನೋ ಹೇಳುವ ಮುಂಚೆ ನಮ್ಮವರ ಕಡೆ ತಿರುಗಿದೆ. "ನಾ ಕುಡದಿದ್ದಿಲ್ಲ. ರಾಮನಗರಕ್ಕ ಹೋಗೇ ಇಲ್ಲ. ಡ್ರಮ್ ಸುಳ್ಳು. ಹುಲಿ ಸುಳ್ಳು. ನಾ ಹೇಳಿದ್ದೆಲ್ಲಾ ಸುಳ್ಳು. ನಲವತ್ತೊಂದ ಸಲ ಒರಿಸೇನಿ, ಅದೊಂದ ಖರೆ. ಕಲ್ಲ ಸಿಡೀತೈತಿ. ಒಳಗ ಹೋಗಬ್ಯಾಡ್ರಿ."

ಬಾಳೇಶ ನಕ್ಕ. "ಮಾವಾ, ಇದ ಯಾವ ಹೊಸಾ ಸುಳ್ಳು? ಹುಲಿದ ಚಲೋ ಇತ್ತು." ಎಲ್ಲರೂ ನಕ್ಕರು. ನನ್ನ ಜನ. ನಾನು ನಗಿಸಿ ನಗಿಸಿ ಬೆಳೆಸಿದ ನಗೆ. ಮಹಾಬಳೇಶ್ವರನೂ ನಗುತ್ತ ಕೈಗಡಿಯಾರ ನೋಡಿದ.

ಚೀಲ ಬಿಚ್ಚಿ ಕಲ್ಲನ್ನು ಮಧುಮತಿ ಮೇಡಮ್ಮನ ಜೀಪಿನ ಮುಂದೆ ಇಟ್ಟೆ.

"ನಿಮ್ಮ ಒತ್ತೂ ಡಬ್ಬಿ ಜೀಪಿನಾಗ ಐತೆಲ್ರಿ ಮೇಡಮ್ಮಾರ? ಅದರಾಗ ಹಾಕಿ ಕೇಳ್ರಿ. ನನ್ನ ಕೇಳಬ್ಯಾಡ್ರಿ. ಕಲ್ಲಿಗೆ ಕೇಳ್ರಿ."

ಅವರು ಕಲ್ಲನ್ನು ನೋಡಿದರು. ಮಹಾಬಳೇಶ್ವರನನ್ನು ನೋಡಿದರು.

"ಟೈಮಿಲ್ಲ ಮೇಡಂ," ಎಂದ ಅವನು. "ಕೆಲಸ ಶುರು ಆಗ್ಬೇಕು."

"ಹತ್ತು ನಿಮಿಷ," ಎಂದು ಅವರು ಜೀಪಿನ ಹಿಂಬಾಗಿಲು ತೆಗೆದರು.

ಉಕ್ಕಿನ ದಪ್ಪ ಬಳೆಯಂಥ ಡಬ್ಬಿ. ಒಳಗೆ ಕಲ್ಲು ಇಟ್ಟು ಕೈಪಂಪಿನಿಂದ ಎಣ್ಣೆ ತುಂಬಿದರೆ ಸುತ್ತಲಿಂದ ಒತ್ತುತ್ತದೆ. ಅಂಟು ಹಿಡಿದಿದ್ದರೆ ಒತ್ತಿದಷ್ಟೂ ಅಂಕಿ ಏರುತ್ತದೆ. ಬಿಟ್ಟ ಕೂಡಲೇ ಹೊರಟಲ್ಲಿಗೆ ಇಳಿಯುತ್ತದೆ. ಅಂಟು ಸಡಿಲಾಗಿದ್ದರೆ ಅಂಕಿ ದಿಕ್ಕೆಟ್ಟ ಕೋಳಿಯಂತೆ ಅತ್ತಿತ್ತ ಓಡುತ್ತದೆ. ಇದನ್ನು ಮೇಡಂ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ವೈರು ಜೋಡಿಸಿದರು. ಬಾಳೇಶ ನಗುತ್ತಲೇ ಪಂಪು ಹಿಡಿದ.

"ಸೊನ್ನೆ," ಎಂದು ಓದಿದರು. "ನೂರಾ ಹತ್ತು. ಇನ್ನೂರಾ ಇಪ್ಪತ್ತೈದು. ನಾನೂರು. ಸಾಕು, ಬಿಡಿ."

ಬಾಳೇಶ ಬಿಟ್ಟ. ಅವನ ನಗು ನಿಂತಿತ್ತು.

"ಇನ್ನೂರು. ತೊಂಬತ್ತು. ಮೂರು." ಬಾಗಿ ಮತ್ತೊಮ್ಮೆ ನೋಡಿದರು. "ಮೂರಕ್ಕೆ ಬಂತು, ಸೊನ್ನೆಯೇ ಅಂದ ಹಾಗೆ. ಇನ್ನೊಮ್ಮೆ ಮಾಡಿ."

ಮೂರು ಸಲ ಮಾಡಿದೆವು. ಮೂರು ಸಲವೂ ಏರಿ, ಇಳಿದು, ಮೊದಲಿನ ಜಾಗಕ್ಕೇ ಬಂದು ಕೂತಿತು. ಮೇಡಂ ಜೀಪಿನಿಂದ ರಿಪೋರ್ಟು ತೆಗೆದರು. ಬಾನೆಟ್ಟಿನ ಮೇಲಿಟ್ಟು ನಂಬುವಂಥದ್ದಲ್ಲ ಎಂಬ ಸಾಲಿಗೆ ಉದ್ದಕ್ಕೆ ಗೀಟು ಎಳೆದರು. ಆಮೇಲೆ ನನ್ನ ಎದುರು ಬಂದು, "ತಪ್ಪಾಯ್ತು," ಎಂದರು. ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ ಎಂದು ಹೇಳಬಹುದು. ಕ್ಷಮಿಸಲಿಲ್ಲ.

"ಅದನ್ನೆಲ್ಲ ಆಮೇಲೆ ನೋಡುವಾ," ಎಂದ ಮಹಾಬಳೇಶ್ವರ. "ರಿಪೋರ್ಟ್ ಮೇಲೆ ಹೋಗಲಿ, ಮೇಲಿನವರು ಹೇಳಲಿ. ಅಲ್ಲಿ ತನಕ ಕೆಲಸ ನಿಲ್ಲೂದಿಲ್ಲ. ಹೋಗುವವರು ಹೋಗಿ. ಹೋಗದವರು ಹೆಲ್ಮೆಟ್ ಇಟ್ಟು ಗೇಟ್ ದಾಟಿ."

ಯಾರೂ ಅಲುಗಲಿಲ್ಲ. ಬಾಳೇಶ ಹೆಲ್ಮೆಟ್ ತೆಗೆದು ನೆಲಕ್ಕೆ ಇಟ್ಟ. ನೀಲಿ ಕ್ಯಾನಿನ ಹತ್ತಿರ ಹೋದ. ಸರಪಳಿಯ ಲೋಟ ತಗೊಂಡು, ತುಂಬಿಸಿ, ತುಟಿ ಹಚ್ಚಿ ಕುಡಿದ. ಪೂರ್ತಿ ಕುಡಿದ. ಇನ್ನೊಂದು ತುಂಬಿಸಿ ನನ್ನ ಕೈಗೆ ಕೊಟ್ಟ. ಸರಪಳಿ ನನ್ನ ತನಕ ಸಾಲಲಿಲ್ಲ. ನಾನೇ ಎರಡು ಹೆಜ್ಜೆ ಹೋಗಿ ಕುಡಿದೆ. ಅಡುಗೆಯವನು ಬಾಯಿ ತೆರೆದ, ಹದಿನಾಲ್ಕು ಜನರನ್ನು ಎಣಿಸಿದ, ಬಾಯಿ ಮುಚ್ಚಿದ.

ಮಧ್ಯಾಹ್ನ ಹನ್ನೆರಡಕ್ಕೆ, ನಮ್ಮ ಬದಲಿಗೆ ಮಹಾಬಳೇಶ್ವರ ತರಿಸಿದ ಲಾರಿ ಬಂತು. ಹಿಂದೆ ಹತ್ತಿಪ್ಪತ್ತು ಜನ, ಹಳಿಯಾಳದ ಹತ್ತಿರದ ಸಾಂಬ್ರಾಣಿ ಊರಿನವರು. ಬುತ್ತಿ, ಗುದ್ದಲಿ, ಹಳೆಯ ಚಪ್ಪಲಿ. ನಮ್ಮಂಥವರೇ. ಮಹಾಬಳೇಶ್ವರನ ಮುಖ ಅರಳಿತು. ಹಿಂದಿನ ಹಲಗೆ ಬಿತ್ತು. ಮೊದಲು ಇಳಿದವನು ಅವರ ಹಿರಿಯ ಮುದಕಪ್ಪ. ಹಳಿಯಾಳ ಬಸ್ ಸ್ಟ್ಯಾಂಡಿನಲ್ಲಿ ನನ್ನ ಹುಲಿಯ ಕಥೆ ಕೇಳಿ ಚಹಾ ಕುಡಿಸಿದವನು.

"ಇಂವ ದುಂಡ್ಯಾ ಅಲ್ಲೇನಲೇ?" ಎಂದ. "ಹುಲಿ ಕಿವಿ ಹಿಡದಾಂವ! ಒಳಗ ಏನೈತೋ? ಹುಲಿನ ಐತೇನ?"

ಅವನವರು ನಕ್ಕರು. ಏನು ಹೇಳಿದರೂ ನನ್ನ ಬಾಯಿಂದ ಬಂದದ್ದೇ ಆಗುತ್ತದೆ. ಅವನ ಮುಂಗೈ ಹಿಡಿದು ಜೀಪಿನ ಹತ್ತಿರ ಕರೆದುಕೊಂಡು ಹೋಗಿ ಪಂಪಿನ ಹಿಡಿಕೆ ಕೊಟ್ಟೆ. ಮುದಕಪ್ಪ ಒತ್ತಿದ. ಎಣ್ಣೆಯ ಬಿಗಿ ಅವನ ತೋಳಿಗೆ ತಿಳಿಯಿತು. ಮೇಡಂ ಅಂಕಿ ಓದಿದರು, ಗುಡ್ಡ ಪಕ್ಕದಿಂದ ಎಷ್ಟು ಒತ್ತುತ್ತಿದೆ ಎಂದು ಹೇಳಿದರು, ಚಾವಣಿಗೆ ಒಂದು ಬೋಲ್ಟೂ ಇಲ್ಲ ಎಂದರು. ಮುದಕಪ್ಪನಿಗೆ ಅಂಕಿ ಓದಲು ಬರುವುದಿಲ್ಲ. ಅವನು ಡಬ್ಬಿ ನೋಡಲಿಲ್ಲ. ಅವರ ಮುಖ ನೋಡುತ್ತಿದ್ದ.

"ಬಾಯಾರ," ಎಂದು ಮೇಡಮ್ಮನನ್ನು ಕರೆದ. "ನಿಮಗ ತಮ್ಮ ಅದಾನೇನ್ರಿ?"

"ಇದ್ದಾನೆ."

"ಅವಂಗ ಒಳಗ ಕಳಸ್ತೀರೇನು?"

"ಇಲ್ಲ."

ಮುದಕಪ್ಪ ಪಂಪು ಬಿಟ್ಟ. ಕೈಯ ಎಣ್ಣೆಯನ್ನು ಧೋತರಕ್ಕೆ ಒರೆಸಿಕೊಂಡ. "ಏಯ್, ಬೇಗ ಬೇಗ," ಎಂದು ಮಹಾಬಳೇಶ್ವರ ಕೂಗಿದ. ಮುದಕಪ್ಪ ತಿರುಗಿ ನೋಡಲಿಲ್ಲ. ಇಳಿದಿದ್ದ ಇಬ್ಬರನ್ನು ಹೆಗಲು ಹಿಡಿದು ಲಾರಿಗೆ ಹತ್ತಿಸಿದ. ತಾನೂ ಹತ್ತಿದ. ಬಗ್ಗಿ ಹಿಂದಿನ ಹಲಗೆ ಎಳೆದುಕೊಂಡು ಒಳಗಿನಿಂದ ಕೊಂಡಿ ಹಾಕಿದ. ಡ್ರೈವರ್ ಸ್ಟೇರಿಂಗ್ ಹಿಡಿದು ಯಾರ ಮುಖ ನೋಡಲಿ ಎಂದು ತಿಳಿಯದೆ ಕೂತಿದ್ದ. ಕೊನೆಗೆ ಗಾಡಿ ಹಿಂದಕ್ಕೆ ತೆಗೆದ.

ಮಹಾಬಳೇಶ್ವರ ಆಗಲೇ ಫೋನಿನಲ್ಲಿ ಮುಂಡಗೋಡಿನ ಯಾರನ್ನೋ ಇನ್ನೊಂದು ಲಾರಿ ಕೇಳುತ್ತಿದ್ದ. ನಾಳೆ ಬೆಳಿಗ್ಗೆ, ಇಪ್ಪತ್ತು ಜನ, ಹೌದು, ಗಟ್ಟಿಮುಟ್ಟಾದವರು.

ಬಾಳೇಶ ನನ್ನ ಕಡೆ ನೋಡಿದ. ನಾವು ಸುರಂಗದ ಬಾಯಿಂದ ಹೊರಟು ಗೇಟಿನ ಹೊರಗಿನ ದಾರಿಗೆ ಹೋದೆವು. ಗೇಟು ದಾಟಿ ಎಂದಿದ್ದನಲ್ಲ, ದಾಟಿದೆವು. ಒಂದೇ ಲಾರಿ ಹೋಗುವಷ್ಟು ಅಗಲದ ಮಣ್ಣಿನ ದಾರಿ. ಈ ಬದಿಯಿಂದ ಆ ಬದಿಗೆ, ನಾಳೆಯ ಲಾರಿಗೆ ಅಡ್ಡ ಕುಳಿತೆವು. ಮಾಲವ್ವ ರಾಡಿಯ ಬುಟ್ಟಿ ಬಿಸಾಡಿ ಬಂದು ನನ್ನ ಪಕ್ಕ ಕೂತಳು. ಜಾಗ ಸಾಲದೆ ನನ್ನನ್ನು ಮೊಳಕೈಯಿಂದ ಒತ್ತಿದಳು. ಬಾಳೇಶ ಎದ್ದು ಹೋಗಿ ಮೇಡಮ್ಮನನ್ನು ಕೇಳಿ ಕಲ್ಲನ್ನು ಎತ್ತಿಕೊಂಡು ಬಂದ. ದಾರಿಯ ನಟ್ಟನಡುವೆ, ಎಲ್ಲರಿಗಿಂತ ಮುಂದೆ, ನೆಟ್ಟಗೆ ನಿಲ್ಲಿಸಿದ.